ಸುಡುಬೇಸಿಗೆಯಲ್ಲಿ ನದಿ ಕಮರಿಯ ಚಾರಣ: ನಸುಕಿನಿಂದ ರಾತ್ರಿಯವರೆಗೆ ಸಮಗ್ರ ಮಾರ್ಗದರ್ಶಿ

ಬೆಟ್ಟ ಹತ್ತುವವರಿಗೆ ಒಂದು ಅನುಕೂಲ ಇದೆ. ಮೊದಲು ಏರು, ಆಮೇಲೆ ಇಳಿಜಾರು. ಸುಸ್ತಾದರೆ ತಿರುಗಿ ಇಳಿದರಾಯಿತು. ಕಮರಿಯಲ್ಲಿ ಎಲ್ಲ ಉಲ್ಟಾ. ಬೆಳಗಿನ ತಂಪಿನಲ್ಲಿ, ಮೈಯಲ್ಲಿ ಕಸುವು ಇರುವಾಗ ಸಲೀಸಾಗಿ ಇಳಿದುಬಿಡುತ್ತೀರಿ. ಏರು ಕೊನೆಗೆ ಉಳಿಯುತ್ತದೆ. ಅಷ್ಟು ಹೊತ್ತಿಗೆ ಕಾಲು ಸೋತಿರುತ್ತದೆ, ಬಿಸಿಲು ನೆತ್ತಿಗೇರಿರುತ್ತದೆ. ಸಾಲದ್ದಕ್ಕೆ ಕೆಳಗೆ ಹೋದಷ್ಟೂ ಸೆಖೆ ಜಾಸ್ತಿ. ಒಣ ಗಾಳಿ ಸಾವಿರ ಮೀಟರ್ ಕೆಳಗಿಳಿದರೆ ಹತ್ತಿರ ಹತ್ತಿರ 10 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿಯಾಗುತ್ತದೆ. ಎರಡೂ ಬದಿಯ ಬಂಡೆಗೋಡೆಗಳು ಹಗಲೆಲ್ಲ ಬಿಸಿಲು ಹೀರಿ, ಕತ್ತಲಾದ ಮೇಲೂ ಝಳ ಬಿಡುತ್ತಲೇ ಇರುತ್ತವೆ.

ಹಾಗಂತ ಬೇಸಿಗೆಯಲ್ಲಿ ಹೋಗಲೇಬಾರದು ಅಂತಲ್ಲ. ಪಕ್ಕದಲ್ಲೇ ತಣ್ಣನೆಯ ನದಿ ಹರಿಯುವ ದಾರಿ ಎಷ್ಟು ಚಾರಣಗಳಲ್ಲಿ ಸಿಗುತ್ತದೆ ಹೇಳಿ? ಆದರೆ ಇಲ್ಲಿ ದಿನವನ್ನು ಬರೀ ಕಿಲೋಮೀಟರಿನಲ್ಲಿ ಅಳೆದರೆ ಲೆಕ್ಕ ತಪ್ಪುತ್ತದೆ. ಗಂಟೆಯಲ್ಲಿ ಅಳೆಯಬೇಕು. ನೆರಳು ಯಾವ ಹೊತ್ತಿಗೆ ಎಲ್ಲಿ ಬೀಳುತ್ತದೆ, ನದಿ ಯಾವ ಹೊತ್ತಿಗೆ ತಗ್ಗಿರುತ್ತದೆ, ಮೋಡ ಯಾವ ಹೊತ್ತಿಗೆ ಕಟ್ಟುತ್ತದೆ ಅನ್ನುವುದರ ಮೇಲೆ ಇಡೀ ದಿನ ನಿಂತಿದೆ. ನಸುಕಿನಲ್ಲಿ ಇಳಿದು, ನದಿಗುಂಟ ನಡೆದು, ರಾತ್ರಿ ಅಲ್ಲೇ ಉಳಿಯುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ.

ಹೊರಡುವ ಮೊದಲು ನಕ್ಷೆಯ ಮುಂದೆ ಕೂರಿ

ಎತ್ತರದ ಗೆರೆಗಳಿರುವ ಒಳ್ಳೆಯ ನಕ್ಷೆ ತೆಗೆದುಕೊಳ್ಳಿ. ಕಾಗದದ್ದೇ ಇರಲಿ. ಆಳದ ಕಮರಿಯಲ್ಲಿ ಮೊಬೈಲ್ ಸಿಗ್ನಲ್ ಇರುವುದಿಲ್ಲ. ಜಿಪಿಎಸ್ ಕೂಡ ಗೋಡೆಗಳಿಗೆ ಬಡಿದು ಬರುವ ಸಿಗ್ನಲ್‌ನಿಂದ ದಾರಿ ತಪ್ಪಿಸುತ್ತದೆ, ನದಿಯ ಈ ದಡದಲ್ಲಿರುವ ನಿಮ್ಮನ್ನು ಆ ದಡದಲ್ಲಿ ತೋರಿಸುವುದೂ ಉಂಟು.

ನಕ್ಷೆಯಲ್ಲಿ ಮೊದಲು ನೋಡಬೇಕಾದದ್ದು ನದಿಯ ದಿಕ್ಕು. ಉತ್ತರ-ದಕ್ಷಿಣವಾಗಿ ಹರಿಯುವ ಕಡೆ ಬೆಳಿಗ್ಗೆ ಪೂರ್ವದ ಗೋಡೆಯ ಬುಡದಲ್ಲಿ ನೆರಳು, ಸಂಜೆ ಪಶ್ಚಿಮದ ಗೋಡೆಯ ಬುಡದಲ್ಲಿ. ಪೂರ್ವ-ಪಶ್ಚಿಮವಾಗಿ ಹರಿಯುವ ಕಡೆ ಬಿಸಿಲು ದಿನವಿಡೀ ಉದ್ದಕ್ಕೆ ಹೊಡೆಯಬಹುದು. ಅಂಥ ಭಾಗಗಳನ್ನು ಬೆಳಿಗ್ಗೆ ಬೇಗ ಮುಗಿಸುವಂತೆ ಯೋಜನೆ ಮಾಡಿ.

ಆಮೇಲೆ ಉಪನದಿಗಳು ಮತ್ತು ಕೊರಕಲುಗಳು ಬಂದು ಸೇರುವ ಜಾಗಗಳನ್ನು ಗುರುತು ಹಾಕಿ. ಗೋಡೆಗಳು ತೀರಾ ಹತ್ತಿರ ಬಂದು, ಮೇಲೆ ಹತ್ತಲು ದಾರಿಯೇ ಇಲ್ಲದ ಇಕ್ಕಟ್ಟಿನ ಭಾಗಗಳಿಗೆ ಬೇರೆ ಬಣ್ಣ ಹಾಕಿ. ಆ ಇಕ್ಕಟ್ಟು ದಾಟಲು ಎಷ್ಟು ಹೊತ್ತು ಬೇಕು ಅಂತ ಪಕ್ಕದಲ್ಲೇ ಬರೆಯಿರಿ. ಕಲ್ಲು, ಮರಳು, ನೀರು ದಾಟುವುದು ಎಲ್ಲ ಸೇರಿ ನದಿಪಾತ್ರದಲ್ಲಿ ಗಂಟೆಗೆ ಎರಡು ಕಿಲೋಮೀಟರ್ ಸಾಗಿದರೆ ಒಳ್ಳೆಯ ವೇಗವೇ. ಎಷ್ಟೋ ಕಡೆ ಅದೂ ಆಗುವುದಿಲ್ಲ.

ಹವಾಮಾನ ಮುನ್ಸೂಚನೆ ನೋಡುವಾಗ ನೀವು ನಡೆಯುವ ಜಾಗದ್ದಷ್ಟೇ ನೋಡಿದರೆ ಸಾಲದು. ನದಿಗೆ ನೀರು ಎಲ್ಲೆಲ್ಲಿಂದ ಬರುತ್ತದೋ ಆ ಇಡೀ ಜಲಾನಯನ ಪ್ರದೇಶದ್ದು ನೋಡಬೇಕು. ಮೇಲೆ ಅಣೆಕಟ್ಟು ಇದ್ದರೆ ನೀರು ಬಿಡುವ ವೇಳೆ ತಿಳಿದುಕೊಳ್ಳಿ. ಮಳೆಯೇ ಇಲ್ಲದ ದಿನವೂ ಗೇಟು ತೆರೆದರೆ ನದಿ ನೋಡನೋಡುತ್ತಿದ್ದಂತೆ ಏರುತ್ತದೆ. ಇನ್ನೊಂದು ವಿಷಯ: ಮುನ್ಸೂಚನೆಯ ಉಷ್ಣಾಂಶ ನೆರಳಿನಲ್ಲಿ ಅಳೆದದ್ದು. ನೇರ ಬಿಸಿಲಿನಲ್ಲಿ ಮೈಗೆ ಅದಕ್ಕಿಂತ ಸುಮಾರು 8 ಡಿಗ್ರಿಯವರೆಗೂ ಹೆಚ್ಚು ಅನ್ನಿಸಬಹುದು.

ದೇಹ ಬಿಸಿಲಿಗೆ ಒಗ್ಗಲು ಒಂದರಿಂದ ಎರಡು ವಾರ ಹಿಡಿಯುತ್ತದೆ. ಏಸಿ ಕೋಣೆಯಿಂದ ಎದ್ದು ನೇರ ಕಮರಿಗೆ ಇಳಿಯಬೇಡಿ. ಮುಂಚಿನ ದಿನಗಳಲ್ಲಿ ಬಿಸಿಲು ಇರುವಾಗಲೇ ಒಂದಷ್ಟು ಹೊತ್ತು ನಡೆಯಿರಿ, ದಿನದಿನಕ್ಕೆ ಸ್ವಲ್ಪ ಹೆಚ್ಚಿಸಿ. ಅನುಮತಿ ಬೇಕಿದ್ದರೆ ಪಡೆಯಿರಿ. ಎಲ್ಲಿ ಇಳಿಯುತ್ತೀರಿ, ಎಲ್ಲಿ ಉಳಿಯುತ್ತೀರಿ, ಎಷ್ಟು ಗಂಟೆಯೊಳಗೆ ಫೋನ್ ಬರದಿದ್ದರೆ ಯಾರಿಗೆ ತಿಳಿಸಬೇಕು ಅನ್ನುವುದನ್ನು ಮನೆಯವರ ಕೈಗೆ ಬರೆದು ಕೊಡಿ. ಬಾಯಲ್ಲಿ ಹೇಳಿದ್ದು ಮರೆತುಹೋಗುತ್ತದೆ.

ಚೀಲದೊಳಗೆ ಏನಿರಬೇಕು

ಭಾರ ಕಡಿಮೆ ಇದ್ದಷ್ಟೂ ಬೆವರು ಕಡಿಮೆ. ಬೇಸಿಗೆಯ ಒಂದು ರಾತ್ರಿಗೆ ದಪ್ಪ ಹಾಸಿಗೆ, ಎರಡೆರಡು ಜೊತೆ ಬಟ್ಟೆ ಯಾವುದೂ ಬೇಡ. ಚೀಲದ ಒಳಗೆ ಮೊದಲು ಒಂದು ದಪ್ಪ ಪ್ಲಾಸ್ಟಿಕ್ ಚೀಲ ಹಾಕಿ, ಅದರೊಳಗೆ ಸಾಮಾನು ತುಂಬಿ ಬಾಯಿ ತಿರುಚಿ ಕಟ್ಟಿ. ಹೊರಗಿನ ಮಳೆ ಕವರ್ ನದಿಯಲ್ಲಿ ಕೆಲಸಕ್ಕೆ ಬರುವುದಿಲ್ಲ. ಹಿಂಬದಿಯಿಂದ ನೀರು ನುಗ್ಗಿ ಅದೇ ಒಂದು ತೊಟ್ಟಿಯಾಗುತ್ತದೆ.

ಬಟ್ಟೆ ತಿಳಿ ಬಣ್ಣದ್ದು, ಸಡಿಲವಾದದ್ದು, ತುಂಬು ತೋಳಿನದು ಇರಲಿ. ಬರಿಮೈಗೆ ಗಾಳಿ ಬೀಸಿದರೆ ತಂಪು ಅನ್ನಿಸುವುದು ನಿಜ, ಆದರೆ ಸುಡು ಬಿಸಿಲಿನಲ್ಲಿ ಮುಚ್ಚಿದ ಮೈಯೇ ಲೇಸು. ಒಣ ಸೆಖೆಯಲ್ಲಿ ಹತ್ತಿ ಅಂಗಿಯನ್ನು ನೀರಲ್ಲಿ ಅದ್ದಿ ಹಾಕಿಕೊಂಡರೆ ಅದಕ್ಕಿಂತ ಒಳ್ಳೆಯ ಫ್ಯಾನ್ ಇಲ್ಲ. ರಾತ್ರಿಗೆ ಮಾತ್ರ ಒಂದು ಒಣ ಅಂಗಿ ಬೇರೆ ಇಟ್ಟುಕೊಳ್ಳಿ. ಅಗಲ ಅಂಚಿನ ಟೋಪಿ, ಕತ್ತಿಗೆ ಸುತ್ತಲು ಒಂದು ಬಟ್ಟೆ, ಕಪ್ಪು ಕನ್ನಡಕ ಬೇಕು. ಸನ್‌ಸ್ಕ್ರೀನ್ ಎರಡು ಗಂಟೆಗೊಮ್ಮೆ ಹಚ್ಚಬೇಕು. ನೀರು ಮತ್ತು ಬಿಳಿ ಮರಳು ಬಿಸಿಲನ್ನು ಕೆಳಗಿನಿಂದಲೂ ಮುಖಕ್ಕೆ ಹೊಡೆಯುತ್ತವೆ. ಗಲ್ಲದ ಅಡಿ, ಮೂಗಿನ ಅಡಿ ಮರೆಯಬೇಡಿ.

ಶೂ ವಿಷಯದಲ್ಲಿ ನನ್ನ ಅಭಿಪ್ರಾಯ ಖಡಾಖಂಡಿತ: ವಾಟರ್‌ಪ್ರೂಫ್ ಬೂಟು ಇಲ್ಲಿ ಬೇಡವೇ ಬೇಡ. ಮೊಣಕಾಲುದ್ದ ನೀರಿಗೆ ಇಳಿದಾಗ ಮೇಲಿನಿಂದ ತುಂಬಿಕೊಂಡ ನೀರನ್ನು ಅದು ಹೊರಗೂ ಬಿಡುವುದಿಲ್ಲ. ಜಾಲರಿ ಬಟ್ಟೆಯ, ಒಳ್ಳೆಯ ಹಿಡಿತದ ಅಡಿಯಿರುವ ಹಗುರ ಶೂ ಹಾಕಿ. ಹತ್ತು ಹೆಜ್ಜೆ ನಡೆಯುವಷ್ಟರಲ್ಲಿ ನೀರು ಸೋರಿಹೋಗುತ್ತದೆ. ಜೊತೆಗೆ ಉಣ್ಣೆಯ ತೆಳು ಸಾಕ್ಸ್ ಮೂರು ಜೊತೆ: ಒಂದು ಕಾಲಲ್ಲಿ, ಒಂದು ಚೀಲದ ಮೇಲೆ ಒಣಗುತ್ತಾ, ಒಂದು ರಾತ್ರಿಗೆ. ಬರಿಗಾಲಲ್ಲಿ ನದಿ ದಾಟುವುದು ಬೇಡ.

ಉಳಿದಂತೆ ಟ್ರೆಕ್ಕಿಂಗ್ ಕೋಲು, ತಲೆಗೆ ಕಟ್ಟುವ ಟಾರ್ಚ್, ನೀರಿನ ಫಿಲ್ಟರ್ ಜೊತೆಗೆ ಶುದ್ಧೀಕರಣ ಮಾತ್ರೆ, ಓಆರ್‌ಎಸ್ ಪುಡಿ, ಸೀಟಿ, ಪ್ರಥಮ ಚಿಕಿತ್ಸೆ ಪೆಟ್ಟಿಗೆ, ಒಟ್ಟು ನಾಲ್ಕು ಲೀಟರ್ ಹಿಡಿಯುವ ಬಾಟಲಿಗಳು. ಸ್ಯಾಟಲೈಟ್ ಸಂದೇಶ ಸಾಧನ ಇದ್ದರೆ ತುಂಬಾ ಒಳ್ಳೆಯದು. ಅದಕ್ಕೂ ತೆರೆದ ಆಕಾಶ ಬೇಕು, ಕಮರಿ ಅಗಲವಾಗುವ ಕಡೆ ನಿಂತು ಕಳಿಸಿ.

ನಸುಕಿನಲ್ಲಿ ಇಳಿಯಿರಿ

ಬೆಳಕು ಹರಿಯುವ ಹೊತ್ತಿಗೆ ನೀವು ದಾರಿಯಲ್ಲಿರಬೇಕು. ಬೆಳಿಗ್ಗೆ 10ರೊಳಗೆ ದಿನದ ಹೆಚ್ಚಿನ ನಡಿಗೆ ಮುಗಿದಿರಬೇಕು. ಇಳಿಯುವಾಗ ಓಡಬೇಡಿ. ಇಳಿಜಾರು ಉಸಿರನ್ನು ದಣಿಸುವುದಿಲ್ಲ, ಮೊಣಕಾಲು ಮತ್ತು ತೊಡೆಯನ್ನು ದಣಿಸುತ್ತದೆ. ಅದರ ನೋವು ಗೊತ್ತಾಗುವುದು ಮಾರನೆಯ ದಿನ, ಏರುವಾಗ. ಹೆಜ್ಜೆ ಚಿಕ್ಕದಿರಲಿ, ಕೋಲು ಸ್ವಲ್ಪ ಉದ್ದ ಮಾಡಿಕೊಳ್ಳಿ. ಇಳಿಯಲು ಹಿಡಿದ ಸಮಯ ಬರೆದಿಟ್ಟುಕೊಳ್ಳಿ. ಏರಲು ಅದರ ಎರಡು ಪಟ್ಟು ಬೇಕಾಗುತ್ತದೆ.

ಬಂಡೆ ಹಿಡಿಯುವ ಮೊದಲು ಕಣ್ಣಿಂದ ನೋಡಿ, ಆಮೇಲೆ ಕೈ ಇಡಿ. ಹಾವುಗಳಿಗೂ ನೆರಳಿನ ಸಂದು ಬೇಕಲ್ವಾ?

ಎಷ್ಟು ಕುಡಿಯಬೇಕು, ಯಾವ ನೀರು ಕುಡಿಯಬೇಕು

ಬಿಸಿಲಿನಲ್ಲಿ ನಡೆಯುವಾಗ ಗಂಟೆಗೆ ಅರ್ಧದಿಂದ ಒಂದು ಲೀಟರ್ ಅಂತ ಅಂದಾಜು ಇಟ್ಟುಕೊಳ್ಳಿ. ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ನಾಲ್ಕು ಗುಟುಕು ಕುಡಿಯುವುದು ಒಮ್ಮೆಲೇ ಲೀಟರ್‌ಗಟ್ಟಲೆ ಸುರಿದುಕೊಳ್ಳುವುದಕ್ಕಿಂತ ಎಷ್ಟೋ ವಾಸಿ.

ಜಾಸ್ತಿ ಕುಡಿದರೂ ಅಪಾಯ ಇದೆ, ಇದು ಬಹಳ ಜನರಿಗೆ ಗೊತ್ತಿಲ್ಲ. ಬೆವರಿನಲ್ಲಿ ನೀರಿನ ಜೊತೆ ಉಪ್ಪೂ ಹೋಗುತ್ತದೆ. ಬರೀ ನೀರನ್ನೇ ಗಂಟೆಗೆ ಒಂದೂವರೆ ಲೀಟರ್‌ನಂತೆ ಕುಡಿಯುತ್ತಾ ಹೋದರೆ ಮೂತ್ರಪಿಂಡ ಅಷ್ಟನ್ನು ಹೊರಹಾಕಲಾರದು, ರಕ್ತದಲ್ಲಿ ಸೋಡಿಯಂ ತೆಳುವಾಗುತ್ತದೆ. ತಲೆನೋವು, ವಾಕರಿಕೆ, ಗೊಂದಲ, ಕೊನೆಗೆ ಫಿಟ್ಸ್ ಕೂಡ ಬರಬಹುದು. ನೋಡುವವರಿಗೆ ಇದು ಬಿಸಿಲ ಬಳಲಿಕೆ ತರಹವೇ ಕಾಣುತ್ತದೆ. ಹಾಗಾಗಿ ವಾಕರಿಕೆ ಅನ್ನುವವರಿಗೆ ಇನ್ನಷ್ಟು ನೀರು ಕುಡಿಸುವ ಮೊದಲು ಕೇಳಿ: ಎಷ್ಟು ಕುಡಿದೆ, ಏನಾದರೂ ತಿಂದೆಯಾ, ಮೂತ್ರಕ್ಕೆ ಹೋದೆಯಾ? ನೀರು ಬೇಕಾದಷ್ಟು ಕುಡಿದು, ಮೂತ್ರವೂ ನೀರಿನಂತೆ ತಿಳಿಯಾಗಿ ಪದೇ ಪದೇ ಹೋಗುತ್ತಿದ್ದು, ಏನೂ ತಿಂದಿಲ್ಲ ಅಂದರೆ ನೀರು ನಿಲ್ಲಿಸಿ, ಉಪ್ಪಿನ ತಿಂಡಿ ಕೊಡಿ. ನಡಿಗೆಯ ಉದ್ದಕ್ಕೂ ನೀರಿನ ಜೊತೆ ಉಪ್ಪು ಹಾಕಿದ ಬೀಜಗಳು, ಖಾರದ ತಿಂಡಿ ಬಾಯಾಡಿಸುತ್ತಿದ್ದರೆ ಈ ತಾಪತ್ರಯವೇ ಬರುವುದಿಲ್ಲ.

ನದಿ ನೀರು ಎಷ್ಟೇ ತಿಳಿಯಾಗಿರಲಿ, ಹಾಗೆಯೇ ಕುಡಿಯಬೇಡಿ. ಜಿಯಾರ್ಡಿಯಾದಂಥ ಪರಾವಲಂಬಿಗಳು ಕಣ್ಣಿಗೆ ಕಾಣುವುದಿಲ್ಲ. ಕುದಿಸುವುದಾದರೆ ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ, 2000 ಮೀಟರ್‌ಗಿಂತ ಎತ್ತರದಲ್ಲಿದ್ದರೆ ಮೂರು ನಿಮಿಷ. ಕ್ಲೋರಿನ್ ಮಾತ್ರೆ ಬ್ಯಾಕ್ಟೀರಿಯಾ, ವೈರಸ್‌ಗೆ ಸಾಕು, ಕ್ರಿಪ್ಟೋಸ್ಪೊರಿಡಿಯಂ ಅನ್ನುವ ಪರಾವಲಂಬಿ ಅದಕ್ಕೆ ಜಗ್ಗುವುದಿಲ್ಲ. ಫಿಲ್ಟರ್ ಪರಾವಲಂಬಿಗಳನ್ನು ಹಿಡಿಯುತ್ತದೆ. ಕೆಂಪು ರಾಡಿ ನೀರನ್ನು ನೇರ ಫಿಲ್ಟರ್‌ಗೆ ಹಾಕಿದರೆ ಅದು ಎರಡೇ ಬಾಟಲಿಗೆ ಕಟ್ಟಿಕೊಳ್ಳುತ್ತದೆ. ಮೊದಲು ಪಾತ್ರೆಯಲ್ಲಿ ಅರ್ಧ ಗಂಟೆ ತಿಳಿಯಾಗಲು ಬಿಡಿ, ಮೇಲಿನ ನೀರನ್ನು ಬಟ್ಟೆಯಲ್ಲಿ ಸೋಸಿ, ಆಮೇಲೆ ಫಿಲ್ಟರ್. ಹಸಿರು ಬಣ್ಣ ಬಳಿದಂತೆ ಪಾಚಿ ತೇಲುವ ನಿಂತ ನೀರನ್ನು ಮುಟ್ಟಲೇಬೇಡಿ. ಅದರ ವಿಷ ಕುದಿಸಿದರೂ ಹೋಗದು.

ನದಿ ದಾಟುವುದು

ಕಮರಿಯ ದಾರಿಯಲ್ಲಿ ನದಿಯನ್ನು ಒಮ್ಮೆಯಲ್ಲ, ಹತ್ತಾರು ಸಲ ದಾಟಬೇಕಾಗಬಹುದು. ನಾಲ್ಕನೆಯ ಸಲಕ್ಕೆ ಭಯ ಹೋಗಿರುತ್ತದೆ. ಎಚ್ಚರ ಬೇಕಾಗುವುದು ಆಗಲೇ.

ಹಿಮ ಕರಗಿ ಬರುವ ನದಿಯಾದರೆ ಬೆಳಿಗ್ಗೆಯೇ ದಾಟಿ. ಹಗಲ ಬಿಸಿಲಿಗೆ ಕರಗಿದ ನೀರು ಮಧ್ಯಾಹ್ನದ ಮೇಲೆ ಬರತೊಡಗುತ್ತದೆ. ಹಿಮ ದೂರದಲ್ಲಿದ್ದರೆ ಆ ಏರಿಕೆ ನಿಮ್ಮನ್ನು ತಲುಪುವಾಗ ರಾತ್ರಿಯೂ ಆಗಬಹುದು. ಬೆಳಿಗ್ಗೆ ಮೊಣಕಾಲುದ್ದ ಇದ್ದದ್ದು ಸಂಜೆ ತೊಡೆಯುದ್ದ ಆದರೆ ಅದು ಬೇರೆಯೇ ನದಿ. ನೀರಿನ ವೇಗ ಎರಡು ಪಟ್ಟಾದರೆ ಅದು ನಿಮ್ಮನ್ನು ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ.

ಜಾಗ ಆರಿಸುವಾಗ ನದಿ ಅಗಲವಾಗಿ ಹರಡಿರುವ ಕಡೆ ನೋಡಿ. ಕಿರಿದಾದ ಕಡೆ ದಡ ಹತ್ತಿರ ಇರುತ್ತದೆ ನಿಜ, ಆದರೆ ಅಷ್ಟೇ ನೀರು ಅಲ್ಲಿ ಆಳವಾಗಿ, ಜೋರಾಗಿ ಹೋಗಬೇಕು. ತಿರುವಿನ ಹೊರಬದಿಯಲ್ಲಿ ಮಡು ಇರುತ್ತದೆ, ಸೆಳವೂ ಅಲ್ಲೇ ಜಾಸ್ತಿ. ಒಂದು ಒಣ ಕಡ್ಡಿಯನ್ನು ನೀರಿಗೆ ಎಸೆದು ದಡದಲ್ಲಿ ಅದರ ಜೊತೆ ನಡೆಯಿರಿ. ನೀವು ಓಡಿದರೆ ಮಾತ್ರ ಸರಿಸಾಟಿ ಅನ್ನುವಂತಿದ್ದು, ನೀರು ಮೊಣಕಾಲು ಮೀರಿದ್ದರೆ ಬೇರೆ ಜಾಗ ಹುಡುಕಿ. ಕೆಳಗಡೆ ಏನಿದೆ ಅಂತಲೂ ನೋಡಬೇಕು. ಬಿದ್ದ ಮರ ನದಿಗೆ ಅಡ್ಡ ಮಲಗಿದ್ದರೆ ಅದರ ಮೇಲ್ಗಡೆ ದಾಟಲೇಬೇಡಿ. ಕೊಂಬೆಗಳ ನಡುವೆ ನೀರು ನುಸುಳಿ ಹೋಗುತ್ತದೆ, ಮನುಷ್ಯ ಸಿಕ್ಕಿಕೊಳ್ಳುತ್ತಾನೆ.

ಇಳಿಯುವ ಮೊದಲು ಸೊಂಟದ ಬೆಲ್ಟ್ ಮತ್ತು ಎದೆಯ ಪಟ್ಟಿ ಬಿಚ್ಚಿ. ಬಿದ್ದರೆ ಚೀಲ ತಕ್ಷಣ ಕಳಚಬೇಕು. ಮುಖ ನೀರು ಬರುವ ದಿಕ್ಕಿಗಿರಲಿ. ಕೋಲನ್ನು ಮುಂದೆ ಊರಿ ಅದಕ್ಕೆ ಮೈಭಾರ ಕೊಡಿ. ಈಗ ಎರಡು ಕಾಲು, ಒಂದು ಕೋಲು, ಒಟ್ಟು ಮೂರು ಆಧಾರ. ಯಾವಾಗಲೂ ಎರಡು ನೆಲಕ್ಕೆ ಊರಿರಬೇಕು, ಒಂದು ಮಾತ್ರ ಸರಿಯಬೇಕು. ಕಾಲನ್ನು ಎತ್ತಿ ಇಡಬೇಡಿ, ತಳಕ್ಕೆ ಸವರುತ್ತಾ ಪಕ್ಕಕ್ಕೆ ಸರಿಸಿ. ಶೂವಿನ ಅಡಿಗೆ ಉರುಟು ಕಲ್ಲು ಸಿಕ್ಕರೆ ಅದರ ನೆತ್ತಿಯ ಮೇಲೆ ನಿಲ್ಲಬೇಡಿ. ಅಲ್ಲಿ ಪಾಚಿ ಇರುತ್ತದೆ. ಎರಡು ಕಲ್ಲಿನ ನಡುವಿನ ಜಲ್ಲಿಗೆ ಪಾದ ಊರಿ, ಭಾರ ಹಾಕಿ ನೋಡಿ, ಅಲುಗದಿದ್ದರೆ ಮಾತ್ರ ಮುಂದಿನ ಹೆಜ್ಜೆ. ಸ್ವಲ್ಪ ಕೆಳಮುಖವಾಗಿ ಓರೆಯಾಗಿ ಸಾಗಿದರೆ ನೀರಿನ ಜೊತೆ ಗುದ್ದಾಟ ಕಡಿಮೆ. ಹರಿಯುವ ನೀರನ್ನೇ ದಿಟ್ಟಿಸಿದರೆ ತಲೆ ತಿರುಗುತ್ತದೆ, ಆಗಾಗ ಎದುರು ದಡ ನೋಡಿ. ನೀರು ತೊಡೆಗೆ ಬಂದು ಕೋಲು ನಡುಗತೊಡಗಿದರೆ ಮುಂದಿನ ಹೆಜ್ಜೆ ಬೇಡ, ಹಾಗೆಯೇ ಹಿಂದೆ ಸರಿಯಿರಿ.

ಕಾಲು ತಪ್ಪಿ ಸೆಳವು ಎಳೆದುಕೊಂಡರೆ ಎದ್ದು ನಿಲ್ಲಲು ಹೋಗಬೇಡಿ. ಪಾದ ಕಲ್ಲಿನ ಸಂದಿಗೆ ಸಿಕ್ಕಿದರೆ ನೀರು ಮೈಯನ್ನು ಮುಂದಕ್ಕೆ ಮಡಚಿ ಮುಳುಗಿಸುತ್ತದೆ. ಚೀಲ ಕಳಚಿ. ಅಂಗಾತ ತೇಲಿ, ಕಾಲು ಕೆಳಹರಿವಿನ ಕಡೆ, ಕಾಲ್ಬೆರಳು ನೀರಿನ ಮೇಲೆ. ಕೈಯಿಂದ ದಡದ ಕಡೆಗೆ ಓರೆಯಾಗಿ ಹುಟ್ಟುಹಾಕಿ. ಎದುರಿಗೆ ಅಡ್ಡಬಿದ್ದ ಮರ ತಪ್ಪಿಸಲಾಗದಂತೆ ಬಂದರೆ ಮಾತ್ರ ಮಗುಚಿ, ತಲೆ ಮುಂದಾಗಿ ಈಜಿ ಅದರ ಮೇಲೆ ಹತ್ತಿಕೊಳ್ಳಲು ನೋಡಿ.

ನೀರಿನ ತಣ್ಣಗೂ ಲೆಕ್ಕಕ್ಕಿಡಿ. 15 ಡಿಗ್ರಿಗಿಂತ ತಣ್ಣಗಿನ ನೀರಿಗೆ ಕಾದ ಮೈಯಲ್ಲಿ ದುಮುಕಿದರೆ ಮೊದಲ ಒಂದು ನಿಮಿಷ ಉಸಿರು ಹಿಡಿತಕ್ಕೆ ಸಿಗುವುದಿಲ್ಲ. ಏದುಸಿರಿನಲ್ಲಿ ನೀರು ಒಳಗೆ ಹೋದರೆ ಈಜು ಬರುವವರೂ ಮುಳುಗುತ್ತಾರೆ. ಈಜಬೇಕೆಂದರೆ ನಿಂತ ಮಡುವಿಗೆ ಮೆಲ್ಲಗೆ ಇಳಿಯಿರಿ, ಮೊದಲು ಕೈಕಾಲು, ಕತ್ತು, ಮುಖ ಒದ್ದೆ ಮಾಡಿಕೊಳ್ಳಿ. ಆಳ ಗೊತ್ತಿಲ್ಲದ ನೀರಿಗೆ ಬಂಡೆ ಮೇಲಿಂದ ಹಾರುವುದಂತೂ ಬೇಡ.

10ರಿಂದ 4ರವರೆಗೆ ಸುಮ್ನೆ ಕೂರಿ

ದಿನದ ಅತ್ಯಂತ ಮುಖ್ಯ ನಿರ್ಧಾರ ಇದು. ಇನ್ನೂ ಶಕ್ತಿ ಇದೆ, ಇನ್ನೊಂದು ತಿರುವು ಹೋಗೋಣ ಅನ್ನಿಸುವಾಗಲೇ ನಿಲ್ಲಬೇಕು. ನೆರಳು ಮತ್ತು ನೀರು ಎರಡೂ ಹತ್ತಿರ ಇರುವ, ನದಿಗಿಂತ ಎತ್ತರದ ಜಾಗ ಹುಡುಕಿ. ಹೊಸದಾಗಿ ಬಿದ್ದ, ಚೂಪು ಅಂಚಿನ ಕಲ್ಲುಗಳು ಹರಡಿದ್ದರೆ ಅಲ್ಲಿ ಕೂರಬೇಡಿ. ಅವು ಮೇಲಿನಿಂದಲೇ ಬಂದದ್ದು, ಇನ್ನೂ ಬರಬಹುದು.

ಕೂತ ಕೂಡಲೇ ಶೂ ಕಳಚಿ. ಬೆಳಗಿನಿಂದ ನೆನೆದ ಪಾದ ಬೆಳ್ಳಗೆ, ಸುಕ್ಕುಸುಕ್ಕಾಗಿ ಊದಿರುತ್ತದೆ. ಬೆರಳ ಸಂದಿಯಲ್ಲಿ, ಹಿಮ್ಮಡಿಯ ಅಂಚಿನಲ್ಲಿ ಮರಳು ಅಂಟಿರುತ್ತದೆ. ಈ ಮೆತ್ತಗಾದ ಚರ್ಮಕ್ಕೆ ಮರಳು ಉಜ್ಜಿದರೆ ಒಂದೇ ಗಂಟೆಯಲ್ಲಿ ಗುಳ್ಳೆ. ಪಾತ್ರೆಯಲ್ಲಿ ನೀರು ತಂದು ಪಾದ ತೊಳೆದು, ಒರೆಸಿ, ಚರ್ಮ ಪೂರ್ತಿ ಒಣಗಿ ಮತ್ತೆ ಬಿಗಿಯಾಗುವವರೆಗೆ ಗಾಳಿಗೆ ಬಿಡಿ. ಶೂ ಒಳಗಿನ ಅಟ್ಟೆ ತೆಗೆದು ಕೊಡವಿ. ಕೆಂಪಾದ ಜಾಗ ಕಂಡರೆ ಆಗಲೇ ಟೇಪ್ ಹಾಕಿ.

ಆಮೇಲೆ ಊಟ, ನೀರು, ಒಂದು ನಿದ್ದೆ. ಅಂಗಿ ಒಣಗಿದಾಗಲೆಲ್ಲ ಮತ್ತೆ ಅದ್ದಿ ಹಾಕಿಕೊಳ್ಳಿ. ಗಾಳಿಯಲ್ಲೇ ತೇವ ಜಾಸ್ತಿ ಇರುವ ಕಮರಿಯಲ್ಲಿ ಬೆವರು ಆರುವುದಿಲ್ಲ, ಅಂಥ ಕಡೆ ನೀರಿನಲ್ಲಿ ಕಾಲು ಇಳಿಬಿಟ್ಟು ಕೂರುವುದೇ ಉತ್ತಮ.

ಬಿಸಿಲು ಬಡಿದಾಗ

ತಲೆಸುತ್ತು, ವಾಕರಿಕೆ, ವಿಪರೀತ ಬೆವರು, ಸ್ನಾಯು ಹಿಡಿತ ಬಿಸಿಲ ಬಳಲಿಕೆಯ ಲಕ್ಷಣಗಳು. ನೆರಳಿಗೆ ಕರೆತನ್ನಿ, ಮಲಗಿಸಿ ಕಾಲು ಸ್ವಲ್ಪ ಮೇಲಿಡಿ, ಬಟ್ಟೆ ಸಡಿಲಿಸಿ, ಮೈ ಒದ್ದೆ ಮಾಡಿ ಗಾಳಿ ಬೀಸಿ, ಓಆರ್‌ಎಸ್ ಗುಟುಕು ಗುಟುಕಾಗಿ ಕೊಡಿ. ಆ ದಿನ ಅವರು ಮತ್ತೆ ಬಿಸಿಲಿಗೆ ಇಳಿಯಬಾರದು.

ಮಾತು ತೊದಲಿದರೆ, ಕೇಳಿದ್ದಕ್ಕೆ ಸಂಬಂಧವಿಲ್ಲದ ಉತ್ತರ ಬಂದರೆ, ನಡೆ ತೂರಾಡಿದರೆ ಅದು ಹೀಟ್ ಸ್ಟ್ರೋಕ್. ಮೈ ಉಷ್ಣಾಂಶ 40 ಡಿಗ್ರಿ ದಾಟಿರುತ್ತದೆ. ಚರ್ಮ ಒಣಗಿರಬೇಕು ಅಂತೇನಿಲ್ಲ, ನಡೆಯುತ್ತಾ ಬಿದ್ದವರ ಮೈ ಬೆವರಿನಿಂದ ತೋಯ್ದೇ ಇರಬಹುದು. ಇಲ್ಲಿ ಒಂದೊಂದು ನಿಮಿಷವೂ ಲೆಕ್ಕ. ಮೊದಲು ತಣ್ಣಗೆ ಮಾಡಬೇಕು, ಸಾಗಿಸುವುದು ಆಮೇಲೆ. ಸೆಳವಿಲ್ಲದ, ಆಳವಿಲ್ಲದ ನೀರಿನಲ್ಲಿ ಕತ್ತಿನವರೆಗೆ ಮಲಗಿಸಿ. ಒಬ್ಬರು ತಲೆಯನ್ನು ನೀರಿನ ಮೇಲೆ ಹಿಡಿದೇ ಇರಬೇಕು, ಕೈ ಬಿಡಬಾರದು. ನೀರಿಗೆ ಇಳಿಸಲಾಗದಿದ್ದರೆ ಬಟ್ಟೆ ತೋಯಿಸಿ ಸುರಿಯುತ್ತಾ ಗಾಳಿ ಬೀಸಿ. ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ನೀರು ಹಾಕಬೇಡಿ. ಜ್ವರದ ಮಾತ್ರೆ ಇದಕ್ಕೆ ಕೆಲಸ ಮಾಡುವುದಿಲ್ಲ. ಒಬ್ಬರು ತಣ್ಣಗೆ ಮಾಡುತ್ತಿರುವಾಗಲೇ ಇನ್ನೊಬ್ಬರು ಸಹಾಯಕ್ಕೆ ಸಂದೇಶ ಕಳಿಸಲಿ.

ದಿಢೀರ್ ಪ್ರವಾಹ

1997ರ ಆಗಸ್ಟ್ 12ರಂದು ಅಮೆರಿಕದ ಅರಿಜೋನಾದ ಆಂಟಿಲೋಪ್ ಕಮರಿಯಲ್ಲಿ 11 ಜನ ಕೊಚ್ಚಿಹೋಗಿ ಸತ್ತರು. ಅವರಿದ್ದ ಜಾಗದಲ್ಲಿ ಮಳೆ ಬಿದ್ದದ್ದು ಅತ್ಯಲ್ಪ. ಬಿರುಮಳೆ ಹೊಡೆದದ್ದು ಕಿಲೋಮೀಟರ್‌ಗಟ್ಟಲೆ ದೂರದಲ್ಲಿ, ನೀರು ಬರುವ ದಿಕ್ಕಿನಲ್ಲಿ. ಎರಡು ವರ್ಷದ ನಂತರ, 1999ರ ಜುಲೈ 27ರಂದು, ಸ್ವಿಟ್ಜರ್ಲೆಂಡಿನ ಸ್ಯಾಕ್ಸೆಟೆನ್ ತೊರೆಯ ಕಮರಿಯಲ್ಲಿ ಇಂಥದ್ದೇ ಪ್ರವಾಹಕ್ಕೆ 21 ಜನ ಬಲಿಯಾದರು. ತಲೆ ಮೇಲಿನ ನೀಲಿ ಆಕಾಶ ನಂಬಬೇಡಿ ಅಂತ ನಾನು ಒತ್ತಿ ಹೇಳುವುದು ಇದಕ್ಕೇ. ಕಮರಿಯ ತಳದಿಂದ ನಿಮಗೆ ಕಾಣುವುದು ಆಕಾಶದ ಒಂದು ಸಣ್ಣ ಪಟ್ಟಿ ಮಾತ್ರ.

ಬಿಸಿಲ ದಿನಗಳಲ್ಲಿ ಬೆಟ್ಟದ ಮೇಲೆ ಮೋಡ ಕಟ್ಟುವುದು ಹೆಚ್ಚಾಗಿ ಮಧ್ಯಾಹ್ನದ ಮೇಲೆ. ಆದ್ದರಿಂದ ಇಕ್ಕಟ್ಟಿನ ಭಾಗಗಳನ್ನು ಬೆಳಿಗ್ಗೆಯೇ ದಾಟಿರಬೇಕು. ತಿಳಿಯಾಗಿದ್ದ ನೀರು ಇದ್ದಕ್ಕಿದ್ದಂತೆ ಕೆಂಪಾದರೆ, ಎಲೆ, ಕಡ್ಡಿ, ನೊರೆ ತೇಲಿ ಬರತೊಡಗಿದರೆ, ದೂರದಲ್ಲಿ ಲಾರಿ ಬರುತ್ತಿರುವಂಥ ಮೊರೆತ ಕೇಳಿದರೆ ಯೋಚನೆ ಮಾಡುತ್ತಾ ನಿಲ್ಲಬೇಡಿ. ಪಕ್ಕದ ಏರಿಗೆ ಹತ್ತಿ. ಮುಂದಕ್ಕೆ ಓಡಿ ನೀರನ್ನು ಹಿಂದೆ ಹಾಕಲು ಆಗುವುದಿಲ್ಲ. ಚೀಲ ಅಡ್ಡಿಯಾದರೆ ಅಲ್ಲೇ ಬಿಡಿ. ಒಮ್ಮೆ ಹತ್ತಿದ ಮೇಲೆ ನೀರು ಇಳಿಯುವವರೆಗೆ ಕೆಳಗೆ ಬರಬೇಡಿ, ಎರಡನೆಯ ಅಲೆ ಬರುವುದುಂಟು.

ಸಂಜೆ ಮತ್ತು ರಾತ್ರಿ

ನಾಲ್ಕರ ನಂತರ ಗೋಡೆಯ ನೆರಳು ಹಿಡಿದು, ಆಕಾಶ ನೋಡಿಕೊಂಡು, ಉಳಿಯುವ ಜಾಗದವರೆಗೆ ಒಂದೆರಡು ಗಂಟೆ ನಡೆಯಿರಿ. ನದಿ ಪಕ್ಕದ ಮೆತ್ತನೆ ಮರಳು ದಿಬ್ಬ ಕಣ್ಣಿಗೆ ಚೆಂದ, ಮಲಗಲು ಅಪಾಯ. ಹಿಂದಿನ ಪ್ರವಾಹ ಎಲ್ಲಿಯವರೆಗೆ ಬಂದಿತ್ತು ಅಂತ ನೋಡಿ. ಪೊದೆಗಳ ಕೊಂಬೆಗೆ ಸಿಕ್ಕಿದ ಒಣಹುಲ್ಲಿನ ಜೊಂಪೆ, ಬಂಡೆಯ ಮೇಲಿನ ಕೆಸರಿನ ಗೆರೆ, ಮರದ ಕವಲಲ್ಲಿ ಕೂತ ತುಂಡು ಅದನ್ನು ಹೇಳುತ್ತವೆ. ಆ ಗೆರೆಗಿಂತ ಮೇಲೆ ಬಿಡಾರ ಹಾಕಿ, ರಾತ್ರಿ ಹತ್ತಲು ಇನ್ನೂ ಮೇಲೆ ದಾರಿ ಇರಲಿ. ಕೊರಕಲಿನ ಬಾಯಲ್ಲಿ ಹಾಕಬೇಡಿ.

ಶೌಚಕ್ಕೆ ನೀರಿನಿಂದ ಕನಿಷ್ಠ 60 ಮೀಟರ್ ದೂರ ಹೋಗಿ, 15ರಿಂದ 20 ಸೆಂಟಿಮೀಟರ್ ಆಳದ ಗುಂಡಿ ತೋಡಿ ಮುಚ್ಚಿ. ಅಷ್ಟು ಜಾಗವೇ ಇಲ್ಲದ ಇಕ್ಕಟ್ಟಾದರೆ ಅದಕ್ಕೆಂದೇ ಸಿಗುವ ಚೀಲದಲ್ಲಿ ಕಟ್ಟಿ ವಾಪಸ್ ಒಯ್ಯಬೇಕು. ಮುಜುಗರ ಅನ್ನಿಸಬಹುದು, ಆದರೆ ಕೆಳಗಿನವರು ಕುಡಿಯುವುದು ಅದೇ ನೀರನ್ನು. ಸೋಪು, ಶಾಂಪೂ ನದಿಗೆ ಬೇಡ. ಎಷ್ಟೇ ಪರಿಸರಸ್ನೇಹಿ ಅಂತ ಬರೆದಿದ್ದರೂ ಬೇಡ.

ರಾತ್ರಿ ಮೇಲಿನ ತಣ್ಣನೆ ಗಾಳಿ ಕಮರಿಗುಂಟ ಕೆಳಗಿಳಿಯುತ್ತದೆ. ಗೋಡೆಗಳ ಝಳ ತಗ್ಗಿದ ಮೇಲೆ, ಬೆಳಗಿನ ಜಾವದಲ್ಲಿ ಚಳಿ ಎನಿಸಬಹುದು. ಒಣ ಅಂಗಿ, ಒಣ ಸಾಕ್ಸ್ ಈಗ ಹಾಕಿ. ಮಲಗುವ ಮೊದಲು ನೀರಿನ ಅಂಚಿನಲ್ಲಿ ಒಂದು ಕಡ್ಡಿ ನೆಟ್ಟು ಗುರುತು ಮಾಡಿ. ನಡುರಾತ್ರಿ ಎದ್ದಾಗ ಟಾರ್ಚ್ ಹಾಕಿ ನೋಡಿದರೆ ನದಿ ಏರಿದೆಯೋ ಇಳಿದಿದೆಯೋ ತಿಳಿಯುತ್ತದೆ.

ಮಾರನೆಯ ದಿನದ ಏರಿಗೆ ಬೇಕಾದ ನೀರನ್ನು ರಾತ್ರಿಯೇ ಸೋಸಿ ತುಂಬಿಡಿ. ನದಿ ಬಿಟ್ಟ ಮೇಲೆ ಗೋಡೆಯ ದಾರಿಯಲ್ಲಿ ನೀರು ಸಿಗುವುದು ಅಪರೂಪ. ಮೂರು ಲೀಟರ್ ಅಂದರೆ ಮೂರು ಕಿಲೋ ಭಾರ, ಆದರೂ ಹೊರಿ. ಅಲಾರಂ ಬೆಳಕು ಹರಿಯುವುದಕ್ಕೆ ಒಂದೂವರೆ ಗಂಟೆ ಮೊದಲಿಗೆ ಇಡಿ. ಎದ್ದ ಮೇಲೆ ಶೂಗಳನ್ನು ತಲೆಕೆಳಗು ಮಾಡಿ ಎರಡು ಸಲ ಕುಟ್ಟಿಯೇ ಕಾಲು ಹಾಕಿ. ಚೇಳಿಗೆ ಒದ್ದೆ ಶೂ ಒಳ್ಳೆಯ ಅಡಗುತಾಣ.